ಮುಳಶಿಯ ಸೇನಾಪತಿ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಸೇನಾಪತಿ ಬಾಪಟ್ ರಸ್ತೆಯನ್ನು ಅರಿಯದವರು ವಿರಳ. ಚತುಃಶೃಂಗಿ ದೇವಿಯ ಗುಡ್ಡದ ಬದಿಯಲ್ಲಿ ಹಾದುಹೋಗುವ ಆ ಹಾದಿಯಲ್ಲಿ ನಮ್ಮವರ ಉಪಾಹಾರಗೃಹಗಳಿವೆ, ನಮ್ಮವರು ದುಡಿಯುವ ಕಚೇರಿಗಳಿವೆ, ನಮ್ಮ ಮಕ್ಕಳು ಓದುವ ವಿದ್ಯಾಸಂಸ್ಥೆಗಳೂ ಇವೆ. ಮುಂಬಯಿಗೆ ಹೋದರೆ ದಾದರಿನಲ್ಲಿಯೂ ಅದೇ ಹೆಸರಿನ ಇನ್ನೊಂದು ಮಾರ್ಗವಿದೆ. ದಿನಕ್ಕೆ ಎರಡು ಬಾರಿ ಆ ಹೆಸರನ್ನು ಉಚ್ಚರಿಸುವ ನಾವು, ಈ ಬಾಪಟರು ಯಾರು, ಯಾವ ಸೇನೆಗೆ ಅಧಿಪತಿಯಾಗಿದ್ದರು ಎಂದು ಒಂದು ಕ್ಷಣವಾದರೂ ವಿಚಾರಿಸಿದ್ದೇವೆಯೇ?

ನಾವಂತೂ ಬಹುಕಾಲ ವಿಚಾರಿಸಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಪತ್ರಿಕೆಯ ಕೆಲಸಕ್ಕೆ ಬರುವುದಕ್ಕೆ ಮೊದಲು ನಾವು ಅನೇಕ ವರ್ಷ ಹೋಟೆಲಿನ ಗಲ್ಲೆಯ ಮೇಲೆ ಕುಳಿತವರು. ಎಸ್ಸೆಸ್ಸೆಲ್ಸಿಯ ಮೆಟ್ಟಿಲಿನಿಂದ ನೇರವಾಗಿ ಬಸ್ಸು ಹತ್ತಿ ಈ ಊರಿಗೆ ಬಂದು, ಅಕ್ಕಿ ಬೇಳೆಗಳ ಲೆಕ್ಕದಲ್ಲಿ ಯೌವನ ಕಳೆದವರು. ಆ ದಿನಗಳಲ್ಲಿ ನಮ್ಮ ಹೋಟೆಲಿಗೆ ಹಾಲು ತರುತ್ತಿದ್ದ ವೃದ್ಧರೊಬ್ಬರಿದ್ದರು. ಮುಳಶಿ ತಾಲೂಕಿನವರು. ಒಂದು ಬೆಳಗ್ಗೆ ಮಳೆಯಿಂದಾಗಿ ತಡವಾಗಿ ಬಂದು, ಒಂದು ಲೋಟ ಚಹಾ ಕುಡಿಯುತ್ತ ಕುಳಿತಿದ್ದಾಗ, ನಿಮ್ಮ ಊರು ಯಾವುದೆಂದು ಕೇಳಿದೆವು. ತಮಗೆ ಊರಿಲ್ಲವೆಂದೂ, ತಮ್ಮ ತಂದೆ ಬಾಲಕನಾಗಿದ್ದಾಗಲೇ ಅದು ಟಾಟಾ ಕಂಪನಿಯ ಕೆರೆಯಲ್ಲಿ ಮುಳುಗಿತೆಂದೂ ಅವರು ನಿರುದ್ವೇಗದಿಂದ ಹೇಳಿದರು. ಮುಂದೆ ಮಾತು ಬೆಳೆದಾಗ ಅವರ ಬಾಯಿಂದಲೇ ಬಾಪಟರ ಹೆಸರು ಬಂದಿತು. ರಸ್ತೆಯ ನಾಮಫಲಕದಲ್ಲಿ ನಾವು ಕಂಡಿದ್ದ ಹೆಸರು ಆ ವೃದ್ಧರ ಮನೆಯಲ್ಲಿ ಮೂರು ತಲೆಮಾರಿನ ಸ್ಮರಣೆಯಾಗಿ ಉಳಿದಿತ್ತು. ಅಂದಿನಿಂದ ಆ ಮಹನೀಯರ ಜೀವನವನ್ನು ಸಿಕ್ಕಿದಷ್ಟು ಓದಿ ತಿಳಿದುಕೊಂಡಿದ್ದೇವೆ. ಅದನ್ನು ಇಂದು ವಾಚಕರ ಮುಂದಿಡುತ್ತೇವೆ.

ಪಾಂಡುರಂಗ ಮಹಾದೇವ ಬಾಪಟರು 1880ನೆಯ ಇಸವಿ ನವೆಂಬರ 12ರಂದು ಅಹಮದನಗರ ಜಿಲ್ಲೆಯ ಪಾರನೇರ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ಮನೆತನದ ಮೂಲ ಕೊಂಕಣದ ರತ್ನಾಗಿರಿ. ಮನೆಯಲ್ಲಿ ಸಿರಿತನವಿರಲಿಲ್ಲ, ಹುಡುಗನಲ್ಲಿ ಬುದ್ಧಿಗೆ ಕೊರತೆಯಿರಲಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪದವಿ ಪಡೆದು, ಮಂಗಳದಾಸ ನಥೂಭಾಯಿ ವಿದ್ಯಾರ್ಥಿವೇತನಕ್ಕೆ ಪಾತ್ರರಾಗಿ, 1904ರಲ್ಲಿ ಸಮುದ್ರ ದಾಟಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಹೋದರು. ಅಲ್ಲಿ ಅವರು ಕೈಗೊಂಡ ವ್ಯಾಸಂಗ ಯಂತ್ರಶಾಸ್ತ್ರ. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅಣೆಕಟ್ಟಿನೆದುರು ನಿಂತ ಈ ಮನುಷ್ಯ ಯಂತ್ರವನ್ನು ಕಂಡು ಹೆದರುವ ಹಳ್ಳಿಗನಾಗಿರಲಿಲ್ಲ. ಯಂತ್ರವನ್ನು ಕಲಿಯಲೆಂದೇ ಏಳು ಸಾವಿರ ಮೈಲಿ ಹೋದವರಾಗಿದ್ದರು.

ಪರದೇಶದಲ್ಲಿ ಅವರ ಮನಸ್ಸು ಗಾಲಿ ಗಡಾರಿಗಳಲ್ಲಿ ನಿಲ್ಲಲಿಲ್ಲ. ಹಿಂದುಸ್ಥಾನದಲ್ಲಿ ಆಂಗ್ಲರ ಆಳ್ವಿಕೆ ಹೇಗಿದೆಯೆಂಬುದನ್ನು ಅಲ್ಲಿಯ ಸಭೆಯೊಂದರಲ್ಲಿ ನಿರ್ಭಯವಾಗಿ ವಿವರಿಸಿದ ಫಲವಾಗಿ ವಿದ್ಯಾರ್ಥಿವೇತನ ನಿಂತುಹೋಯಿತು. ಲಂಡನ್ನಿನಲ್ಲಿ ಶ್ಯಾಮಜಿ ಕೃಷ್ಣವರ್ಮರು ಸ್ಥಾಪಿಸಿದ್ದ ಇಂಡಿಯಾ ಹೌಸಿನ ಸಂಪರ್ಕ ಬೆಳೆಯಿತು. ಸಾವರಕರರ ಪರಿಚಯವಾಯಿತು. ಬಂಗಾಲದ ಹೇಮಚಂದ್ರ ದಾಸರೊಡನೆ ಪ್ಯಾರಿಸ್ಸಿಗೆ ಹೋಗಿ, ಅಲ್ಲಿದ್ದ ರಶಿಯನ್ ಕ್ರಾಂತಿಕಾರರಿಂದ ಸ್ಫೋಟಕಗಳ ವಿದ್ಯೆಯನ್ನು ಕಲಿತು, ಆ ವಿದ್ಯೆಯ ಕೈಪಿಡಿಯೊಂದಿಗೆ 1908ರಲ್ಲಿ ಸ್ವದೇಶಕ್ಕೆ ಮರಳಿದರು. ಅದೇ ವರ್ಷ ಆಲಿಪುರದ ಬಾಂಬ್ ಮೊಕದ್ದಮೆ ಪ್ರಾರಂಭವಾಯಿತು. ತಮ್ಮ ಹೆಸರು ಸರಕಾರದ ಕಿವಿಗೆ ಬಿದ್ದಿತೆಂದು ತಿಳಿದ ಬಾಪಟರು ಕಣ್ಮರೆಯಾದರು. ವೇಷ ಮರೆಸಿಕೊಂಡು ನಾಲ್ಕು ವರ್ಷ ದೇಶವಿಡೀ ಅಲೆದರು. ಕೊನೆಗೆ 1912ರಲ್ಲಿ ಸೆರೆ ಸಿಕ್ಕಿದರು.

ಬಿಡುಗಡೆಯ ನಂತರ ಅವರು ಮಾಡಿದ ಕೆಲಸವನ್ನು ಕೇಳಿದರೆ ಬೆರಗಾಗುವಂತಿದೆ. ಬಾಂಬು ಮಾಡಲು ಕಲಿತು ಬಂದಿದ್ದ ಆ ವಿದ್ಯಾವಂತ, ಪಾರನೇರದ ಬೀದಿಯಲ್ಲಿ ಪೊರಕೆ ಹಿಡಿದು ನಿಂತರು. ಊರಿನ ಚರಂಡಿಯನ್ನೂ ಪಾಯಖಾನೆಯನ್ನೂ ತಮ್ಮ ಕೈಯಾರೆ ಶುಚಿಗೊಳಿಸುವುದು ಅವರ ನಿತ್ಯವ್ರತವಾಯಿತು. 1914ರಲ್ಲಿ ಮಗ ಹುಟ್ಟಿದ ಸಂತೋಷದ ಊಟಕ್ಕೆ, ಅಂದು ಅಸ್ಪೃಶ್ಯರೆನಿಸಿಕೊಂಡವರನ್ನು ಕರೆದು ಮೊದಲ ಪಂಕ್ತಿ ಹಾಕಿಸಿದರು. ಚಿತ್ಪಾವನ ಬ್ರಾಹ್ಮಣರ ಮನೆಯಲ್ಲಿ, ಆ ಕಾಲದಲ್ಲಿ, ಇದು ಸಾಮಾನ್ಯವಾದ ಸಾಹಸವಲ್ಲ. ಎಂಜಲು ಎತ್ತುವ ಕೆಲಸದಿಂದ ಬಾಳು ಪ್ರಾರಂಭಿಸಿದ ನಮ್ಮಂಥವರಿಗೆ ಬಾಪಟರ ಜೀವನದ ಈ ಪುಟ ಬಹಳ ಹತ್ತಿರದ್ದೆನಿಸುತ್ತದೆ. ಮುಂದೆ ಪುಣೆಗೆ ಬಂದು ಲೋಕಮಾನ್ಯ ಟಿಳಕರ ಮರಾಠಾ ಪತ್ರಿಕೆಯ ಸಂಪಾದಕವರ್ಗದಲ್ಲಿಯೂ ಕೆಲಕಾಲ ಕೆಲಸ ಮಾಡಿದರು. 1920ರ ಆಗಸ್ಟಿನಲ್ಲಿ ಟಿಳಕರು ತೀರಿಕೊಂಡರು. ಬಾಪಟರ ಬಾಳಿನ ಮುಖ್ಯ ಕಾರ್ಯ ಆಗ ಅವರನ್ನು ಮುಳಶಿಯಲ್ಲಿ ಕಾದಿತ್ತು.

ಈ ಮುಳಶಿಯ ವೃತ್ತಾಂತವನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ. ಪುಣೆಯಿಂದ ಪೌಡ ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ಹೊರಟರೆ, ಪಿರಂಗುಟ ಮತ್ತು ಪೌಡ ಗ್ರಾಮಗಳನ್ನು ದಾಟಿದ ಮೇಲೆ ಸಹ್ಯಾದ್ರಿಯ ಮಡಿಲು ಸಿಕ್ಕುತ್ತದೆ. ಮಳೆಗಾಲದಲ್ಲಿ ಆಕಾಶವೇ ತೂತಾದಂತೆ ಮಳೆ ಸುರಿಯುವ ಪ್ರದೇಶ ಅದು. ಅಲ್ಲಿ ಮುಳಾ ಮತ್ತು ನೀಲಾ ಎಂಬ ಎರಡು ಹೊಳೆಗಳು ಕೂಡುತ್ತವೆ. ಆ ಕಣಿವೆಯ ಜನರೇ ಮಾವಳಿಗರು. ಶಿವಾಜಿ ಮಹಾರಾಜರ ಪ್ರಥಮ ಸೈನಿಕರು ಈ ಮಾವಳ ಪ್ರಾಂತದ ರೈತರೇ ಎಂಬುದನ್ನು ಚರಿತ್ರೆ ಓದಿದವರೆಲ್ಲ ಬಲ್ಲರು. ಕಣಿವೆಯ ಗದ್ದೆಗಳಲ್ಲಿ ಅಂಬೆಮೋಹರ ಎಂಬ ಭತ್ತ ಬೆಳೆಯುತ್ತಿತ್ತು. ಬೇಯುವಾಗ ಮಾವಿನ ಹೂವಿನ ಕಂಪನ್ನು ಬೀರುವ ಆ ಅಕ್ಕಿಯ ಗುಣವನ್ನು ಅಡಿಗೆಮನೆಯ ಸಂಬಂಧವುಳ್ಳ ನಾವು ಹೊಗಳಬೇಕಾಗಿಲ್ಲ. ಗದ್ದೆಯ ಮೇಲ್ಗಡೆ ಕಾಡು. ಕಾಡಿನಲ್ಲಿ ದನ ಕಾಯುವ ಗವಳಿ ಧನಗರರು, ಕಾಚಿನ ಮರದ ತಿರುಳನ್ನು ಕುದಿಸಿ ಕಾಚು ತೆಗೆಯುವ ಕಸುಬಿನಿಂದಲೇ ಹೆಸರು ಪಡೆದ ಕಾತಕರಿಗಳು. ಪ್ರತಿ ಗ್ರಾಮಕ್ಕೂ ಒಂದು ದೇವರಾಯಿ, ಎಂದರೆ ದೇವರ ಕಾಡು. ಅದರೊಳಗಿನ ಒಣಕಡ್ಡಿಯನ್ನೂ ಮನೆಗೆ ಒಯ್ಯಬಾರದೆಂಬುದು ಕಟ್ಟಳೆ.

ನಮ್ಮ ಕರಾವಳಿಯ ನಾಗಬನವನ್ನೂ, ಕೊಡಗಿನ ದೇವರಕಾಡನ್ನೂ ಬಲ್ಲ ಕನ್ನಡಿಗರಿಗೆ ಈ ದೇವರಾಯಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬನವೆಂದರೆ ಬರಿಯ ಮರಗಳ ಗುಂಪಲ್ಲ. ನಾವು ಯಾರು, ಯಾವ ಮೂಲದವರು, ಯಾರಿಗೆ ತಲೆಬಾಗತಕ್ಕವರು ಎಂಬುದಕ್ಕೆ ಅದು ನಿಂತ ಸಾಕ್ಷಿ. 1970ರ ದಶಕದಲ್ಲಿ ಪುಣೆಯ ವಿಜ್ಞಾನಿಗಳಾದ ಮಾಧವ ಗಾಡಗೀಳ ಹಾಗೂ ವಾ. ದ. ವರ್ತಕರು ಸಹ್ಯಾದ್ರಿಯ ಈ ದೇವರ ಕಾಡುಗಳನ್ನು ಹುಡುಕಿ ಬರೆದಿಟ್ಟಾಗ, ಸುತ್ತಲೂ ಬೋಳಾದ ಬೆಟ್ಟಗಳ ನಡುವೆ ಹಳೆಯ ಕಾಡಿನ ತುಣುಕುಗಳು ಉಳಿದುಕೊಂಡಿದ್ದುದು ದೇವರ ಭಯಭಕ್ತಿಯಿಂದಲೇ ಎಂಬುದು ವಿದ್ವತ್ಪ್ರಪಂಚಕ್ಕೂ ತಿಳಿದುಬಂದಿತು.

ಅತ್ತ ಮುಂಬಯಿಯಲ್ಲಿ ಹತ್ತಿಯ ಗಿರಣಿಗಳು ದಿನೇ ದಿನೇ ಹೆಚ್ಚುತ್ತಿದ್ದವು. ಅವುಗಳಿಗೆ ಕಲ್ಲಿದ್ದಲನ್ನು ದೂರದಿಂದ ತರಬೇಕಾಗಿತ್ತು. ಸಹ್ಯಾದ್ರಿಯ ಮಳೆನೀರನ್ನು ಮೇಲೆ ಕಟ್ಟಿ ನಿಲ್ಲಿಸಿ, ಕೊಂಕಣದ ಕಡೆಗೆ ಕೆಡವಿ, ವಿದ್ಯುಚ್ಛಕ್ತಿ ತೆಗೆಯಬಹುದೆಂಬ ಯೋಜನೆಯನ್ನು ಟಾಟಾ ಸಂಸ್ಥೆಯವರು ಕೈಗೊಂಡರು. ನಮ್ಮ ಮೈಸೂರು ಸಂಸ್ಥಾನದಲ್ಲಿ 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ಟಾಟಾ ಅವರ ಖೋಪೋಲಿಯ ಕೇಂದ್ರ 1915ರಲ್ಲಿ ಮುಂಬಯಿಗೆ ವಿದ್ಯುತ್ತು ಕೊಡಲಾರಂಭಿಸಿತು. ಆ ಬಳಿಕ 1919ರಲ್ಲಿ ಸ್ಥಾಪನೆಯಾದ ಟಾಟಾ ಪವರ್ ಕಂಪನಿಯ ದೃಷ್ಟಿ ಮುಳಾ ನೀಲಾ ಸಂಗಮದ ಮೇಲೆ ಬಿದ್ದಿತು. ಅಲ್ಲಿ ಅಣೆಕಟ್ಟು ಕಟ್ಟಿ, ಸುರಂಗ ಕೊರೆದು, ಸುಮಾರು 500 ಮೀಟರು ಕೆಳಗಿನ ಭಿರಾ ಗ್ರಾಮದ ಯಂತ್ರಾಗಾರಕ್ಕೆ ನೀರು ಬಿಡುವ ಏರ್ಪಾಡು ಅದು. ಯಂತ್ರಶಾಸ್ತ್ರದ ದೃಷ್ಟಿಯಿಂದ ಬಹು ಸೊಗಸಾದ ಯೋಜನೆ. ಅದರ ಬೆಲೆ ಐವತ್ತರಷ್ಟು ಹಳ್ಳಿಗಳು, ಹತ್ತು ಸಾವಿರದಷ್ಟು ಮನುಷ್ಯರ ನೆಲೆ.

ಆ ಬೆಲೆಯನ್ನು ತೆರತಕ್ಕವರನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ತೋರಲಿಲ್ಲ. ಭೂಮಿ ವಶವಾಗುವುದಕ್ಕೆ ಮೊದಲೇ ರೈತರ ಗದ್ದೆಯಲ್ಲಿ ಕಂದಕ ತೋಡುವ ಕೆಲಸ ಪ್ರಾರಂಭವಾಯಿತು. ಆಕ್ಷೇಪಿಸಿದ ರೈತನೊಬ್ಬನಿಗೆ ಕಾಮಗಾರಿಯ ಬಿಳಿಯ ಅಧಿಕಾರಿಯೊಬ್ಬನು ಪಿಸ್ತೂಲು ತೋರಿಸಿದನು. ರೈತರು ಪುಣೆಗೆ ಬಂದು ಮುಂದಾಳುಗಳಿಗೆ ಮೊರೆಯಿಟ್ಟರು. ನ. ಚಿಂ. ಕೇಳಕರ, ಶಿ. ಮ. ಪರಾಂಜಪೆ ಮೊದಲಾದ ಮಹನೀಯರು ಅವರ ಪಕ್ಷ ವಹಿಸಿದರು. ವಿನಾಯಕರಾವ್ ಭುಸ್ಕುಟೆಯವರು ಹಳ್ಳಿ ಹಳ್ಳಿ ತಿರುಗಿ ಜನರನ್ನು ಸಂಘಟಿಸಿದರು. ಹೋರಾಟದ ಜೀವನಾಡಿಯಾಗಿ ಬಂದು ಸೇರಿದವರು ಬಾಪಟರು.

1921ನೆಯ ಇಸವಿಯ ಏಪ್ರಿಲ್ 16, ರಾಮನವಮಿಯ ದಿನ, ಸಾವಿರಕ್ಕೂ ಮಿಕ್ಕ ಮಾವಳಿಗರು ಮೆರವಣಿಗೆಯಲ್ಲಿ ಹೋಗಿ ಅಣೆಕಟ್ಟಿನ ಸ್ಥಳದಲ್ಲಿ ಕುಳಿತುಬಿಟ್ಟರು. ಕೂಲಿಗಳು ಕೈಯಲ್ಲಿದ್ದ ಗುದ್ದಲಿಯನ್ನು ಕೆಳಗಿಟ್ಟರು. ಕೆಲಸ ನಿಂತಿತು. ಮಹಾತ್ಮಾ ಗಾಂಧಿಯವರು ತಮ್ಮ ಪತ್ರಿಕೆಯಲ್ಲಿ ರೈತರ ಪರವಾಗಿ ಬರೆದು, ಟಾಟಾ ಅವರು ಈ ಕಾರ್ಯವನ್ನು ಮರುವಿಚಾರಿಸುವುದು ಲೇಸೆಂದು ಸೂಚಿಸಿದರು. ಕಂಪನಿ ಆರು ತಿಂಗಳ ಕಾಲ ಕೆಲಸವನ್ನು ತಡೆಹಿಡಿಯಲು ಒಪ್ಪಿತು. ದೊಡ್ಡ ಅಣೆಕಟ್ಟೊಂದರ ವಿರುದ್ಧ ನಡೆದ ಜನಾಂದೋಲನಗಳಲ್ಲಿ ಲೋಕದಲ್ಲಿಯೇ ಇದು ಮೊದಲನೆಯದೆಂದು ಪುಣೆಯ ಪ್ರಾಧ್ಯಾಪಕರಾಗಿದ್ದ ರಾಜೇಂದ್ರ ವೋರಾ ಅವರು ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ.

ಆ ಅವಧಿ ಮುಗಿದದ್ದೇ ತಡ, 1921ರ ಡಿಸೆಂಬರಿನಲ್ಲಿ ಕಾಮಗಾರಿ ಪುನಃ ಆರಂಭವಾಯಿತು. ಸರಕಾರ 1894ರ ಭೂಸ್ವಾಧೀನ ಕಾಯಿದೆಯನ್ನು ಕಂಪನಿಯ ಕೈಗೆ ಅಸ್ತ್ರವಾಗಿ ಕೊಟ್ಟಿತು. ಸಾರ್ವಜನಿಕ ಉದ್ದೇಶ ಎಂಬ ಎರಡು ಪದಗಳು ಆ ಕಾಯಿದೆಯ ಬೀಗದಕೈ. ಖಾಸಗಿ ಕಂಪನಿಯ ಗಿರಣಿಗೆ ಬೇಕಾದ ಶಕ್ತಿ ಸಾರ್ವಜನಿಕವಾಯಿತು. ಹತ್ತು ಸಾವಿರ ಜನರ ಬಾಳು ಖಾಸಗಿಯಾಯಿತು. ಸತ್ಯಾಗ್ರಹಿಗಳು ಗುಂಪು ಗುಂಪಾಗಿ ಸೆರೆಮನೆ ಸೇರಿದರು. ಸ್ತ್ರೀಯರೂ ಹಿಂದೆ ಬೀಳಲಿಲ್ಲ. ಬಾಪಟರೂ ಶಿಕ್ಷೆ ಅನುಭವಿಸಿ ಬಂದರು, ಬಂದೊಡನೆ ಮತ್ತೆ ಮುಳಶಿಗೆ ನಡೆದರು. ಮಾವಳಿಗರ ಈ ನಾಯಕನಿಗೆ ಜನರು ಪ್ರೀತಿಯಿಂದ ಸೇನಾಪತಿ ಎಂಬ ಹೆಸರನ್ನಿತ್ತರು. ಯಾವ ಸರಕಾರವೂ ಕೊಡದ ಆ ಬಿರುದು ಅವರ ಹೆಸರಿನ ಅಂಗವೇ ಆಗಿಹೋಯಿತು.

ಹೋರಾಟ ಸೋಲುವುದಕ್ಕೆ ಹೊರಗಿನ ಬಲವೊಂದೇ ಕಾರಣವಾಗಿರಲಿಲ್ಲವೆಂಬುದನ್ನು ಮುಚ್ಚಿಡಬಾರದು. ಕಣಿವೆಯ ಅನೇಕ ಗದ್ದೆಗಳು ಅದಾಗಲೇ ಸಾಲದ ದೆಸೆಯಿಂದ ಪುಣೆಯ ಸಾಹುಕಾರರ ಕೈ ಸೇರಿದ್ದವು. ಅವರಿಗೆ ಭೂಮಿಯೆಂಬುದು ಬಡ್ಡಿ ತರುವ ಆಸ್ತಿ. ಒಳ್ಳೆಯ ಪರಿಹಾರ ಬಂದರೆ ಅವರಿಗೆ ನಷ್ಟವಿಲ್ಲ. ಉಳುವವನಿಗೆ ಅದೇ ಭೂಮಿ ಅನ್ನ, ಊರು, ದೇವರು. ಸಾಹುಕಾರರು ಪರಿಹಾರದ ಮೊತ್ತದ ಮಾತಿಗೆ ಇಳಿದರು. ಪುಣೆಯ ಮುಂದಾಳುಗಳ ಉತ್ಸಾಹವೂ ತಗ್ಗಿತು. ಕಾಡಿನಂಚಿನಲ್ಲಿದ್ದ ಕಾತಕರಿಗಳಂಥವರಿಗಂತೂ ಪರಿಹಾರ ಕೇಳುವುದಕ್ಕೆ ಹೆಸರಿನಲ್ಲಿ ಒಂದು ಗುಂಟೆ ಕಾಗದವೂ ಇರಲಿಲ್ಲ. ಕಾಗದವಿಲ್ಲದವನ ನಷ್ಟವನ್ನು ಬರೆದುಕೊಳ್ಳುವ ಪುಸ್ತಕ ಸರಕಾರದ ಬಳಿಯಲ್ಲಿ ಇರಲೇ ಇಲ್ಲ.

ಎಲ್ಲರೂ ಹಿಂಜರಿದಾಗ ಬಾಪಟರು ಹಿಂಜರಿಯಲಿಲ್ಲ. ಅಹಿಂಸೆಯ ವಿಷಯದಲ್ಲಿ ಅವರ ನಂಬಿಕೆ ಗಾಂಧಿಯವರದಕ್ಕಿಂತ ಭಿನ್ನವಾಗಿತ್ತು. ಸ್ವಾರ್ಥವಿಲ್ಲದೆ, ಅಡಗದೆ, ಶಿಕ್ಷೆಯನ್ನು ತಾನೇ ಮುಂದೆ ಬಂದು ಸ್ವೀಕರಿಸುವ ಸಿದ್ಧತೆಯಿಂದ ಮಾಡಿದ ಪ್ರತಿಭಟನೆ, ಬಲಪ್ರಯೋಗವನ್ನು ಒಳಗೊಂಡರೂ, ಸತ್ಯಾಗ್ರಹವೇ ಎಂಬುದು ಅವರ ಮತವಾಗಿತ್ತು. 1924ರ ಡಿಸೆಂಬರಿನಲ್ಲಿ ಕೆಲವೇ ಸಂಗಡಿಗರೊಡನೆ ಕಂಪನಿಯ ರೈಲುದಾರಿಗೆ ಕಲ್ಲುಗಳನ್ನಿಟ್ಟು, ಕೂಲಿಗಳನ್ನೂ ಸಾಮಗ್ರಿಯನ್ನೂ ಸಾಗಿಸುತ್ತಿದ್ದ ಗಾಡಿಯನ್ನು ಶಸ್ತ್ರಸಹಿತ ತಡೆದರು. ಬಳಿಕ ತಾವಾಗಿಯೇ ಪೋಲೀಸರಿಗೆ ಒಪ್ಪಿಸಿಕೊಂಡರು. ನ್ಯಾಯಾಲಯ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಈ ಕೃತ್ಯವನ್ನು ನಾವು ಸಮರ್ಥಿಸಲಾರೆವು. ಆ ಗಾಡಿಯಲ್ಲಿದ್ದ ಕೂಲಿಗಳೂ ಹೊಟ್ಟೆಯ ಪಾಡಿಗಾಗಿ ಬಂದವರೇ ಆಗಿದ್ದರು. ಗಾಂಧಿಯವರ ಬೆಂಬಲ ಈ ಹೋರಾಟಕ್ಕೆ ಕೊನೆಯತನಕ ಉಳಿಯದಿರುವುದಕ್ಕೂ ನಾಯಕರ ಈ ಮತವೇ ಕಾರಣವಾಯಿತು. ಆದರೂ ಮೂರು ವರ್ಷ ಶಾಂತವಾಗಿ ಕುಳಿತು ಕೇಳಿದ ಪ್ರಶ್ನೆಗೆ ಉತ್ತರ ಬಾರದಿದ್ದಾಗ ಮನುಷ್ಯನು ಎಲ್ಲಿಗೆ ಹೋಗಿ ಮುಟ್ಟುತ್ತಾನೆಂಬುದನ್ನು ಅಧಿಕಾರದಲ್ಲಿ ಕುಳಿತವರು ಇದರಿಂದ ತಿಳಿಯಬೇಕು.

1927ರಲ್ಲಿ ಅಣೆಕಟ್ಟು ಪೂರ್ಣವಾಯಿತು. ಹಳ್ಳಿಗಳು ಮುಳುಗಿದವು. ಹಳೆಯ ಮುಳಶಿ ಗ್ರಾಮವೂ ನೀರಿನ ಪಾಲಾಯಿತು. ಬಾಪಟರು ಆಗ ಸೆರೆಮನೆಯಲ್ಲಿದ್ದರು. 1931ರಲ್ಲಿ ಬಿಡುಗಡೆ ಹೊಂದಿದಾಗ ಅವರು ಕಾಯಬೇಕಾಗಿದ್ದ ಕಣಿವೆಯೇ ಇರಲಿಲ್ಲ.

ಅವರ ಬಾಳು ಅಲ್ಲಿಗೆ ಮುಗಿಯಲಿಲ್ಲ. ಹೊರಬಂದ ಸ್ವಲ್ಪ ಕಾಲದಲ್ಲಿಯೇ ರಾಜದ್ರೋಹದ ಭಾಷಣವೆಂಬ ಆರೋಪದ ಮೇಲೆ ಪುನಃ ಶಿಕ್ಷೆಗೆ ಗುರಿಯಾಗಿ 1937ರವರೆಗೂ ಸೆರೆಯಲ್ಲಿದ್ದರು. ಆಮೇಲೆ ಸುಭಾಷಚಂದ್ರ ಬೋಸರ ಫಾರ್ವರ್ಡ್ ಬ್ಲಾಕ್ ಪಕ್ಷದ ಮಹಾರಾಷ್ಟ್ರ ಶಾಖೆಯ ಅಧ್ಯಕ್ಷರಾದರು. ಶ್ರೀ ಅರವಿಂದರ ಮಹಾಗ್ರಂಥವನ್ನು ದಿವ್ಯ ಜೀವನ ಎಂಬ ಹೆಸರಿನಿಂದ ಮರಾಠಿಗೆ ತಂದರು. 1947ರ ಆಗಸ್ಟ್ 15ರಂದು ಪುಣೆ ನಗರದಲ್ಲಿ ರಾಷ್ಟ್ರಧ್ವಜವನ್ನು ಏರಿಸುವ ಗೌರವ ಅವರಿಗೇ ಸಂದಿತು. 1955ರಲ್ಲಿ, 74ರ ವಯಸ್ಸಿನಲ್ಲಿ, ಗೋವಾ ವಿಮೋಚನೆಯ ಸತ್ಯಾಗ್ರಹಿಗಳೊಂದಿಗೆ ಗಡಿ ದಾಟಿದರು.

ಇಲ್ಲಿ ಒಂದು ಸಂಗತಿಯನ್ನು ಕನ್ನಡ ಪತ್ರಿಕೆಯ ನಾವು ಮರೆಮಾಚುವುದು ಸಲ್ಲದು. ಬಾಪಟರು ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಮುಂಚೂಣಿಯಲ್ಲಿದ್ದರು. ಬೆಳಗಾವಿಯ ಗಡಿಪ್ರಶ್ನೆಯನ್ನು ಹಿಡಿದು 1966ರಲ್ಲಿ, 85ರ ಇಳಿವಯಸ್ಸಿನಲ್ಲಿ, ಮುಂಬಯಿಯಲ್ಲಿ ಉಪವಾಸ ಕುಳಿತರು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಮಹಾಜನ ಆಯೋಗವನ್ನು ನೇಮಿಸಿತು. 1967ರ ಆಗಸ್ಟಿನಲ್ಲಿ ಬಂದ ಆಯೋಗದ ವರದಿ ಬೆಳಗಾವಿಯನ್ನು ನಮ್ಮಲ್ಲಿಯೇ ಉಳಿಸಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. ಆ ವಿಷಯದಲ್ಲಿ ಬಾಪಟರ ನಿಲುವು ಬೇರೆ, ಕನ್ನಡಿಗರ ನಿಲುವು ಬೇರೆ. ಅದು ಇಂದಿಗೂ ಹಾಗೆಯೇ ಇದೆ. ಇಂಥವರ ಗುಣಗಾನವನ್ನು ಕನ್ನಡ ಪತ್ರಿಕೆ ಮಾಡಬಹುದೇ ಎಂದು ಕೆಲವು ವಾಚಕರು ಕೇಳಿಯಾರು. ಮಾಡಬಹುದು, ಮಾಡಲೇಬೇಕು ಎಂಬುದು ನಮ್ಮ ಉತ್ತರ. ಒಂದು ವ್ಯಾಜ್ಯದಲ್ಲಿ ಎದುರುಪಕ್ಷದಲ್ಲಿದ್ದವನು ಎಲ್ಲ ವ್ಯಾಜ್ಯಗಳಲ್ಲಿಯೂ ಎದುರುಪಕ್ಷದವನೆಂದು ತಿಳಿಯುವುದು ಸಣ್ಣತನ. ತನ್ನ ನೆಲ ತನ್ನ ನುಡಿ ಎಂಬ ಅಭಿಮಾನವುಳ್ಳ ನಮಗೆ, ಮಾವಳಿಗರ ನೆಲದ ಅಭಿಮಾನಕ್ಕಾಗಿ ಸೆರೆಮನೆಯಲ್ಲಿ ವರ್ಷಗಳನ್ನು ಸವೆಸಿದವರು ಪರಕೀಯರಾಗಲಾರರು.

1967ರ ನವೆಂಬರ 28ರಂದು ಮುಂಬಯಿಯಲ್ಲಿ ಬಾಪಟರು ಇಹಲೋಕವನ್ನು ತ್ಯಜಿಸಿದರು.

ಮುಳಶಿಯಲ್ಲಿ ಅವರು ಸೋತರೆಂಬುದು ನಿಜ. ಆದರೆ ಅವರ ಪ್ರಶ್ನೆ ಸೋಲಲಿಲ್ಲ. ಅಣೆಕಟ್ಟೇ ಬೇಡ, ವಿದ್ಯುತ್ತೇ ಬೇಡ ಎಂಬುದು ಆ ಪ್ರಶ್ನೆಯ ತಿರುಳಲ್ಲ. ಪಟ್ಟಣದ ಅನುಕೂಲಕ್ಕಾಗಿ ಬೆಟ್ಟದವನ ಊರನ್ನು ಅವನನ್ನು ಕೇಳದೆ ಕಸಿದುಕೊಳ್ಳುವ ಅಧಿಕಾರ ಯಾರಿಗಿದೆ ಎಂಬುದೇ ಅದರ ತಿರುಳು. ಸ್ವಾತಂತ್ರ್ಯ ಬಂದ ಮೇಲೂ ಅದೇ 1894ರ ಕಾಯಿದೆ ಅರವತ್ತು ವರ್ಷಗಳಿಗೂ ಮಿಕ್ಕಿ ಬಾಳಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಹೊರಟ ಕಥೆ ಕನ್ನಡಿಗರಿಗೆ ಹೊಸದಲ್ಲ. ಅವರಲ್ಲಿ ಅನೇಕರು ಹೊಸ ನೆಲದ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದರು. ಉತ್ತರ ಕನ್ನಡದ ಜನ ಎಚ್ಚೆತ್ತು ಬೇಡ್ತಿ ಯೋಜನೆಯನ್ನು ಎದುರಿಸಿದರು. 1983ರಲ್ಲಿ ಶಿರಸಿಯ ಸಳಕಣಿಯ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಉಳಿಸಿದರು.

ನಿಧಾನವಾಗಿಯಾದರೂ ಕಾನೂನು ಕಣ್ತೆರೆಯಿತು. 2006ರ ಅರಣ್ಯ ಹಕ್ಕು ಕಾಯಿದೆ, ಕಾಡಿನಲ್ಲಿ ಬಾಳಿದವನಿಗೆ ಕಾಡಿನ ಮೇಲೆ ಹಕ್ಕಿದೆಯೆಂದು ಒಪ್ಪಿತು. 2011ರಲ್ಲಿ ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ, ಹುಲಿ ಅಭಯಾರಣ್ಯದ ಒಳಗಿದ್ದರೂ, ಆ ಕಾಯಿದೆಯಂತೆ ಸಾಮುದಾಯಿಕ ಹಕ್ಕು ದೊರೆಯಿತು. 2013ರ ಹೊಸ ಭೂಸ್ವಾಧೀನ ಕಾಯಿದೆ 2014ರ ಜನವರಿ 1ರಿಂದ ಜಾರಿಗೆ ಬಂದು 1894ರದನ್ನು ರದ್ದುಗೊಳಿಸಿತು. ಖಾಸಗಿ ಕಂಪನಿಗಾಗಿ ಭೂಮಿ ಪಡೆಯಬೇಕಾದರೆ ಬಾಧಿತ ಕುಟುಂಬಗಳಲ್ಲಿ ನೂರಕ್ಕೆ 80ರಷ್ಟು ಒಪ್ಪಬೇಕೆಂದು ಅದು ವಿಧಿಸಿತು. ಮುಳಶಿಯ ಗದ್ದೆಯಲ್ಲಿ ಕುಳಿತ ಜನ 1921ರಲ್ಲಿ ಕೇಳಿದ್ದೂ ಬಹುಮಟ್ಟಿಗೆ ಇಷ್ಟೇ ಅಲ್ಲವೇ? ಮೊದಲು ನಮ್ಮನ್ನು ಕೇಳಬೇಕೆಂಬ ಆ ಒಂದು ಮಾತು ಕಾನೂನಿನ ಪುಸ್ತಕ ಸೇರುವುದಕ್ಕೆ 92 ವರ್ಷಗಳು ಬೇಕಾದವು.

ಪುಸ್ತಕ ಸೇರಿದ ಮಾತು ನೆಲದಲ್ಲಿ ನಡೆಯುತ್ತಿದೆಯೇ ಎಂಬುದು ಬೇರೆಯೇ ವಿಚಾರ. ಮುಳಶಿ ತಾಲೂಕಿನ ಪೂರ್ವದ ತುದಿಯಲ್ಲಿಯೇ ಹಿಂಜವಡಿಯ ಗಣಕಯಂತ್ರ ನಗರಿ ಎದ್ದಿದೆ. ನಮ್ಮ ನೂರಾರು ಕನ್ನಡ ಯುವಕ ಯುವತಿಯರು ಅಲ್ಲಿ ಅನ್ನ ದುಡಿಯುತ್ತಾರೆ. ಪಿರಂಗುಟದಲ್ಲಿ ಕಾರಖಾನೆಗಳಿವೆ. ಅದೇ ತಾಲೂಕಿನ ಬೆಟ್ಟಗಳ ನಡುವೆ ಲವಾಸಾ ಎಂಬ ವಿಹಾರನಗರ ಏಳತೊಡಗಿದಾಗ, ಪರಿಸರದ ಅನುಮತಿಯಿಲ್ಲವೆಂದು ಕೇಂದ್ರ ಸಚಿವಾಲಯ 2010ರ ನವೆಂಬರಿನಲ್ಲಿ ಕೆಲಸ ನಿಲ್ಲಿಸುವ ನೋಟೀಸು ಕೊಡಬೇಕಾಯಿತು. ಈ ಬೆಟ್ಟಗಳಲ್ಲಿ ರಸ್ತೆ ಬಂದ ಹಿಂದೆಯೇ ಇದ್ದಿಲಿನ ವ್ಯಾಪಾರಿ ಬಂದುದನ್ನೂ, ನೆಲೆ ತಪ್ಪಿದ ಬಡವನು ಹೊಟ್ಟೆಗಾಗಿ ಮರ ಮಾರಿದುದನ್ನೂ ಪರಿಸರದ ಅಧ್ಯಯನ ಮಾಡಿದವರು ದಾಖಲಿಸಿದ್ದಾರೆ. ಕಾಡು ಕಾಯುವವನನ್ನು ಕಾಡಿನಿಂದ ಎಬ್ಬಿಸಿದರೆ ಕಾಡೂ ಉಳಿಯುವುದಿಲ್ಲ, ಅವನೂ ಅವನಾಗಿ ಉಳಿಯುವುದಿಲ್ಲ.

ಇದೆಲ್ಲವೂ ವಲಸೆ ಬಂದ ನಮಗೇಕೆ? ನಮ್ಮ ಮನಸ್ಸಿನಲ್ಲಿದ್ದ ಕಾರಣವನ್ನು ಹೇಳಿ ಮುಗಿಸುತ್ತೇವೆ. ನಾವೂ ಊರು ಬಿಟ್ಟು ಬಂದವರೇ. ಆದರೆ ನಾವು ಬಿಟ್ಟು ಬಂದ ಊರು ಇನ್ನೂ ಇದೆ. ವರ್ಷಕ್ಕೊಮ್ಮೆ ಬಸ್ಸು ಹತ್ತಿ ಹೋಗುತ್ತೇವೆ. ನಾಗಬನದ ಮುಂದೆ ಎಳನೀರು ಇಟ್ಟು ಕೈಮುಗಿಯುತ್ತೇವೆ. ಮಕ್ಕಳಿಗೆ ಇದು ನಿಮ್ಮ ಅಜ್ಜನ ಮನೆಯೆಂದು ಬೆರಳು ಮಾಡಿ ತೋರಿಸುತ್ತೇವೆ. ಪರವೂರಿನಲ್ಲಿ ಎಷ್ಟೇ ವರ್ಷ ಕಳೆದರೂ ನಾವು ಯಾರೆಂಬುದನ್ನು ಮರೆಯದಿರುವುದು ಆ ಒಂದು ದಿನದ ಬಲದಿಂದ. ಹಾಲಿನ ಆ ವೃದ್ಧರ ತಂದೆ ತಮ್ಮ ಮಗನನ್ನು ಕೆರೆಯ ದಂಡೆಗೆ ಕರೆದುಕೊಂಡು ಹೋಗಿ ನೀರಿನ ಕಡೆಗೆ ಬೆರಳು ಮಾಡಿ ತೋರಿಸುತ್ತಿದ್ದರಂತೆ. ಅವರ ಕುಲದೇವರ ಕಲ್ಲು ಎಲ್ಲಿತ್ತೆಂದು ತೋರಿಸುವುದಕ್ಕೆ ಒಂದು ಮರವೂ ಗುರುತಿಗೆ ಉಳಿದಿರಲಿಲ್ಲವಂತೆ. ಊರನ್ನು ತಾನಾಗಿ ಬಿಟ್ಟುಬರುವುದೂ, ಊರೇ ತನ್ನನ್ನು ಬಿಟ್ಟುಹೋಗುವುದೂ ಒಂದೇ ಅಲ್ಲ. ಅಷ್ಟನ್ನು ನಾವು ಆ ದಿನ ಗಲ್ಲೆಯ ಮೇಲೆ ಕುಳಿತೇ ಕಲಿತೆವು.

ಆ ವೃದ್ಧರು ಈಗಿಲ್ಲ. ಲೆಕ್ಕ ತೀರಿಸುವುದಕ್ಕೆ ನಾವು ಕೊಟ್ಟ ಹಣದಲ್ಲಿ ಎಂದೂ ಒಂದು ಪೈಸೆ ಹೆಚ್ಚು ತೆಗೆದುಕೊಂಡವರಲ್ಲ. ಆದರೆ ಅವರಿಗೆ ಸಲ್ಲಬೇಕಾದ ಬೇರೊಂದು ಲೆಕ್ಕ ಈ ನಗರದಲ್ಲಿ ದೀಪ ಹಚ್ಚುವ, ಹಿಟ್ಟು ರುಬ್ಬುವ, ಫ್ಯಾನಿನ ಕೆಳಗೆ ಕುಳಿತು ಪತ್ರಿಕೆ ಓದುವ ನಮ್ಮೆಲ್ಲರ ಮೇಲೆಯೂ ಉಳಿದಿದೆ. ಅದನ್ನು ಹಣದಿಂದ ತೀರಿಸಲಾಗದು. ಮುಂದೆ ಯಾವ ಬೆಟ್ಟದಲ್ಲಿ ಯಾವ ಯೋಜನೆ ಬಂದರೂ, ಅಲ್ಲಿಯ ಜನರನ್ನು ಕೇಳಿದ್ದೀರಾ ಎಂದು ನಾವೂ ಒಮ್ಮೆ ಕೇಳಿದರೆ ಅದರಲ್ಲಿ ಸ್ವಲ್ಪ ಸಂದಾಯವಾದೀತು.

ಬರುವ ಭಾನುವಾರ ಬಿಡುವಿದ್ದವರು ಮಕ್ಕಳೊಡನೆ ಮುಳಶಿಯ ಕೆರೆಯ ದಂಡೆಗೆ ಹೋಗಿಬರಲಿ. ನೋಟ ಬಹು ಸುಂದರವಾಗಿದೆ. ಬುತ್ತಿ ಬಿಚ್ಚಿ ಉಂಡ ಮೇಲೆ, ಆ ನೀರಿನ ಅಡಿಯಲ್ಲಿ ಐವತ್ತರಷ್ಟು ಊರುಗಳಿದ್ದವೆಂದೂ, ಅವುಗಳಿಗಾಗಿ ಒಬ್ಬ ಸೇನಾಪತಿ ಇದ್ದನೆಂದೂ ಮಕ್ಕಳಿಗೆ ಹೇಳುವುದನ್ನು ಮರೆಯಬಾರದು.